ಒಂಬತ್ತು ಇಂಚು

ಮೂಲಪತ್ರ ಎಲ್ಲಿ, ಎಂದಳು ವಕೀಲೆ,
ಕೊಡೆ ಎಲ್ಲಿಟ್ಟಿರಿ ಎನ್ನುವಷ್ಟು ಹಗುರಾಗಿ.
ಬ್ಯಾಂಕಿನಲ್ಲಿದೆ ಎಂದೆ.
ಫ್ಲೀಟ್‌ವುಡ್ಡಿನ ಆ ಬ್ಯಾಂಕು ಈಗ ಕಾಫಿ ಅಂಗಡಿ.
ಅದನ್ನು ನುಂಗಿದ ಇನ್ನೊಂದು ಬ್ಯಾಂಕು
ಮೂರು ವಾರ ಬಿಟ್ಟು ಬರೆಯಿತು:
ಸಾಲ ತೀರಿ ಆರು ವರ್ಷದ ಮೇಲೆ,
ಎಪ್ಪತ್ತೊಂಬತ್ತರ ಮಾರ್ಚಿನಲ್ಲಿ,
ವಿಲ್ಫ್ರೆಡ್ ಥ್ರೆಲ್‌ಫಾಲ್ ಖುದ್ದು ಬಂದು
ಸಹಿ ಹಾಕಿ ಒಯ್ದಿದ್ದಾರೆ.

ಅಪ್ಪನದೇ ಸಹಿ.
ಬಲೆ ಹೆಣೆದ ಕೈ; ಅಕ್ಷರವೂ ಗಂಟು ಗಂಟು.

ಹುಡುಕಿದೆವು, ನಾನೂ ಡೆಸ್ಮಂಡನೂ.
ಬಿಸ್ಕತ್ತಿನ ಡಬ್ಬ, ಪಿಯಾನೋದ ಪೀಠದ ಹೊಟ್ಟೆ,
ಅಟ್ಟದ ನೀರಿನ ತೊಟ್ಟಿಯ ಹಿಂದೆ
ಇಲಿ ಕೂಡ ಬಿಟ್ಟುಹೋದ ಮೂಲೆ.
ಸಿಕ್ಕಿದ್ದು: ನಾಯಿಯ ಲೈಸೆನ್ಸು,
ನಾಯಿ ಸತ್ತ ಮೇಲೂ ಎರಡು ವರ್ಷ ಕಟ್ಟಿದ್ದು.
ಕಲ್ಲಿದ್ದಲಿನ ರಸೀದಿಗಳು. ಅಮ್ಮನ ಕಟ್ಟುಹಲ್ಲು.
ಐಸ್‌ಲೆಂಡಿನ ಆಚೆಯ ಕಡಲಿನ ನಕ್ಷೆ,
ಮಡಿಕೆ ಮಡಿಕೆಗೂ ಬಟ್ಟೆ ಅಂಟಿಸಿ ಜೋಪಾನ ಮಾಡಿದ್ದು.
ಯಾರಪ್ಪನದೂ ಅಲ್ಲದ ನೀರಿಗೆ ಅಷ್ಟು ಕಾಗದ,
ಕಾಲಿಟ್ಟು ನಿಂತ ನೆಲಕ್ಕೆ
ಒಂದು ಚೀಟಿಯೂ ಇಲ್ಲ.
ಸುಟ್ಟಿರಬೇಕು, ಎಂದ ಡೆಸ್ಮಂಡ್,
ಸಿಟ್ಟಿನಲ್ಲಿ ಅಪ್ಪ ಏನನ್ನು ಉಳಿಸಿದ?

ಹಾಗಾದರೆ ಬಲ್ಲವರು ಬೇಕು, ಎಂದಳು ವಕೀಲೆ.
ರಕ್ತಸಂಬಂಧಿ ಆಗಬಾರದು.
ಇಷ್ಟು ವರ್ಷ ಇವರದೇ ಎಂದು ಕಣ್ಣಾರೆ ಕಂಡವರು
ಪ್ರಮಾಣ ಮಾಡಬೇಕು.

ಬೀದಿಯನ್ನು ಮನಸ್ಸಿನಲ್ಲೇ ನಡೆದೆ.
ಹದಿಮೂರರ ಮುದುಕಿ ಹೋದಳು, ಇಪ್ಪತ್ತೊಂದು ಖಾಲಿ,
ಹದಿನೈದರಲ್ಲಿ ರಜೆಗೆ ಬಂದುಹೋಗುವವರು.
ಉಳಿದದ್ದು ಹದಿನೇಳು. ಗಾರ್ನಲ್.
ಎಪ್ಪತ್ತೊಂಬತ್ತರಲ್ಲಿ ಹಿತ್ತಲ ಗೋಡೆ ಎಬ್ಬಿಸಿ
ನಮ್ಮ ಒಂಬತ್ತು ಇಂಚು ತಿಂದ ಗಾರ್ನಲ್.
ನಲವತ್ತು ವರ್ಷ ಆ ಹೆಸರು ನಮ್ಮ ಮನೆಯಲ್ಲಿ
ಊಟಕ್ಕೆ ಮುಂಚೆ ಬಂದರೆ ಊಟ ತಣ್ಣಗಾಗುತ್ತಿತ್ತು.
ಅಪ್ಪನ ಮಣ್ಣಿಗೂ ಬಂದಿದ್ದ,
ರಸ್ತೆಯ ಆಚೆ ಬದಿಯಲ್ಲಿ, ಟೋಪಿ ಕೈಯಲ್ಲಿ ಹಿಡಿದು,
ದಾಟಲಿಲ್ಲ.

ಬಾಗಿಲು ತಟ್ಟಿದೆ. ಮಾತು ಮುಗಿಸುವ ಮೊದಲೇ
ಒಂದು ಕಡತ ತಂದು ಮೇಜಿನ ಮೇಲೆ ಕುಕ್ಕಿದ.
ಅಪ್ಪ ಬರೆದ ಬೈಗುಳದ ಕಾಗದಗಳು,
ತಾರೀಖಿನ ಪ್ರಕಾರ, ತೂತು ಕೊರೆದು, ದಾರ ಪೋಣಿಸಿ.
ಮಕ್ಕಳ ಫೋಟೋವನ್ನೂ ಯಾರೂ ಹೀಗೆ ಇಡುವುದಿಲ್ಲ.
"ನೋಡು, ಕುರುಡ, ಅಂತ ನಿನ್ನಪ್ಪ
ಮೂಲಪತ್ರವನ್ನೇ ಹಿಡಿದು ಇಲ್ಲಿ ನಿಂತಿದ್ದ.
ಓದಿದೆ. ವಾಪಸು ಕೊಟ್ಟೆ. ಆಮೇಲಿನದು ನಾನರಿಯೆ."
ಮತ್ತೆ ಸ್ವಲ್ಪ ಹೊತ್ತಿಗೆ:
"ಮನೆಯ ಯಜಮಾನ ಅಲ್ಲದವನ ಜೊತೆ
ಯಾರಾದರೂ ನಲವತ್ತು ವರ್ಷ
ಜಗಳ ಆಡುತ್ತಾರೇನಮ್ಮ?"

ವಕೀಲೆಯ ಮುಂದೆ ಕೋಟು ತೊಟ್ಟು ಕೂತ.
ಹೆಸರು, ವಯಸ್ಸು, ಚಕ್ಕುಬಂದಿ.
ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಓಣಿ,
ಉತ್ತರಕ್ಕೆ ಇಪ್ಪತ್ತೊಂದನೇ ನಂಬರು,
ದಕ್ಷಿಣಕ್ಕೆ
ಪೆನ್ನು ನಿಂತಿತು.
"ಒಂಬತ್ತು ಇಂಚು ಬಿಟ್ಟು," ಎಂದ.
ಪ್ರಮಾಣ ಎಂದರೆ ಪ್ರಮಾಣವಂತೆ.

ವಕೀಲೆ ನನ್ನ ಮುಖ ನೋಡಿದಳು.
ನಾನು ಅವನ ಕೈ ನೋಡಿದೆ;
ಸಹಿಗೆಂದು ಎತ್ತಿದ್ದು, ಇಳಿಸಲಾಗದೆ ನಡುಗುತ್ತಿತ್ತು.
ಬರೆಯಿರಿ, ಎಂದೆ.
ಅಪ್ಪಾ, ಬರೆಯಿರಿ ಎಂದುಬಿಟ್ಟೆ.

ಟ್ರಾಮಿನಲ್ಲಿ ಒಟ್ಟಿಗೆ ಮರಳಿದೆವು.
ಸಂತೆಕಟ್ಟೆ ದಾಟಿತು, ಮೀನಿನ ಹಳೆ ಧಕ್ಕೆ ದಾಟಿತು.
ಕೊಳ್ಳುವವರು ಎಂಥವರು, ಎಂದು ಕೇಳಿದ.
ಅವನು ಅಂಚೆಯವನು, ಅವಳು ದಾದಿ,
ಒಂದು ಕೂಸು. ತುಂಬ ಸಾಧು ಜನ,
ತೊಂದರೆ ಕೊಡುವವರಲ್ಲ ಎಂದೆ.

ಮುದುಕ ಕಿಟಕಿಯ ಕಡೆ ತಿರುಗಿ
ಎರಡು ನಿಲ್ದಾಣದವರೆಗೆ ಮಾತಾಡಲಿಲ್ಲ.
"ಸಾಧುವಾ," ಎಂದ ಕೊನೆಗೆ.